ತಾಯಿ ಯಾಕೆ ಅಳಲಿಲ್ಲ? ಉಲುರು ಬಂಡೆಯ ಬಳಿ ಕಾಣೆಯಾದ ಕೂಸಿನ ಕಥೆ

1980ರ ಆಗಸ್ಟ್ 17, ಭಾನುವಾರ. ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿ. ಅಲ್ಲೊಂದು ದೈತ್ಯ ಕೆಂಪು ಬಂಡೆ ಇದೆ, ನೆಲದಿಂದ 348 ಮೀಟರ್ ಎತ್ತರ. ಅಲ್ಲಿನ ಮೂಲನಿವಾಸಿಗಳು ಅದನ್ನು ಉಲುರು ಅಂತಾರೆ. ಬಿಳಿಯರು ಇಟ್ಟ ಹೆಸರು ಏಯರ್ಸ್ ರಾಕ್. ಬಂಡೆ ನೋಡಲು ಬಂದವರು ಹತ್ತಿರದಲ್ಲೇ ಟೆಂಟ್ ಹಾಕಿಕೊಂಡು ಉಳಿಯುತ್ತಿದ್ದರು.

ರಾತ್ರಿ ಎಂಟರ ಸುಮಾರಿಗೆ ಲಿಂಡಿ ಚೇಂಬರ್ಲೇನ್ ಎಂಬ ತಾಯಿ ತನ್ನ ಒಂಬತ್ತು ವಾರದ ಹೆಣ್ಣುಕೂಸು ಅಜಾರಿಯಾಳನ್ನು ಟೆಂಟಿನಲ್ಲಿ ಮಲಗಿಸಿದರು. ಪಕ್ಕದಲ್ಲಿ ನಾಲ್ಕು ವರ್ಷದ ಮಗ ರೀಗನ್ ಆಗಲೇ ನಿದ್ದೆಹೋಗಿದ್ದ. ದೊಡ್ಡ ಮಗ, ಆರು ವರ್ಷದ ಏಡನ್‌ನನ್ನು ಕರೆದುಕೊಂಡು ಲಿಂಡಿ ಒಲೆಯ ಹತ್ತಿರ ಬಂದರು. ಗಂಡ ಮೈಕಲ್ ಅಲ್ಲೇ ಇದ್ದರು, ಆಗಷ್ಟೇ ಪರಿಚಯವಾದ ಇನ್ನೊಂದು ಕುಟುಂಬದವರೂ ಇದ್ದರು. ಒಲೆಗೂ ಟೆಂಟಿಗೂ ಕೂಗಿದರೆ ಕೇಳುವಷ್ಟು ದೂರ.

ಸ್ವಲ್ಪ ಹೊತ್ತಿಗೆ ಕೂಸಿನ ಅಳು ಕೇಳಿಸಿತು. ಕೇಳಿಸಿಕೊಂಡದ್ದು ಮನೆಯವರು ಮಾತ್ರ ಅಲ್ಲ, ಆ ಇನ್ನೊಂದು ಕುಟುಂಬದ ಹೆಣ್ಣುಮಗಳೂ ಕೇಳಿದರು. ಅಳು ಥಟ್ಟನೆ ನಿಂತಿತು. ಲಿಂಡಿ ಎದ್ದು ಹೋಗುವಾಗ ಟೆಂಟಿನ ಬಾಗಿಲಿಂದ ಒಂದು ಡಿಂಗೊ ತಲೆ ಒದರುತ್ತ ಹೊರಬರುವುದು ಮಬ್ಬುಗತ್ತಲಲ್ಲಿ ಕಂಡಿತು. ಒಳಗೆ ನೋಡಿದರೆ ಹಾಸಿಗೆ ಖಾಲಿ. ಡಿಂಗೊ ನನ್ನ ಕೂಸನ್ನು ಎತ್ತಿಕೊಂಡು ಹೋಯಿತು ಎಂದು ಕಿರುಚಿಕೊಂಡರು.

ಡಿಂಗೊ ಅಂದರೆ ಅಲ್ಲಿನ ಕಾಡುನಾಯಿ. ನೋಡಲು ನಮ್ಮೂರಿನ ಕಂದುಬಣ್ಣದ ಬೀದಿನಾಯಿಯ ಹಾಗೇ, ತೋಳಕ್ಕಿಂತ ಚಿಕ್ಕದು. ಆದರೆ ಸಾಕಿದ ಪ್ರಾಣಿ ಅಲ್ಲ, ಬೇಟೆಯಾಡಿ ಬದುಕುವಂಥದ್ದು.

ಮುಂದೆ ಏನಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಆ ತಾಯಿ ಆ ರಾತ್ರಿ ಹೇಳಿದ ಮಾತು ನಿಜ ಎಂದು ಸರ್ಕಾರಿ ಕಾಗದದಲ್ಲಿ ಕೊನೆಯದಾಗಿ ಬರೆದದ್ದು 2012ರಲ್ಲಿ. ನಡುವೆ 32 ವರ್ಷ. ಅದರಲ್ಲಿ ಮೂರು ವರ್ಷ ಆಕೆ ಜೈಲಿನಲ್ಲಿದ್ದರು, ತನ್ನ ಕೂಸನ್ನು ತಾನೇ ಕೊಂದಳು ಎಂಬ ಆರೋಪದ ಮೇಲೆ. ಇದು ಹೇಗಾಯಿತು ಅನ್ನುವುದೇ ಈ ಬರಹ.

ಆ ರಾತ್ರಿ ನೆಲ ಹೇಳಿದ್ದು

ಸುದ್ದಿ ಗೊತ್ತಾದ ಕೂಡಲೇ ಕ್ಯಾಂಪಿನಲ್ಲಿದ್ದವರೆಲ್ಲ ಟಾರ್ಚ್ ಹಿಡಿದು ಹೊರಟರು. ಸುಮಾರು 300 ಜನ ಸಾಲುಗಟ್ಟಿ ಮರಳುದಿಬ್ಬಗಳನ್ನು ಹುಡುಕಿದರು. ಆಗಸ್ಟ್ ಅಂದರೆ ಅಲ್ಲಿ ಚಳಿಗಾಲ, ರಾತ್ರಿ ಮೈ ಕೊರೆಯುವ ಚಳಿ.

ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಲ್ಲಿ ಜಾಡು ಹಿಡಿಯುವ ನಿಪುಣರಿದ್ದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆ ಕಡೆಯ ಜೇನುಕುರುಬರು ನೆಲ ನೋಡಿ ಯಾವ ಪ್ರಾಣಿ ಯಾವ ಕಡೆ ಹೋಯಿತು ಅಂತ ಹೇಳುತ್ತಾರಲ್ಲ, ಹಾಗೆ. ನಿಪ್ಪರ್ ವಿನ್ಮಾಟಿ, ಬಾರ್ಬರಾ ಜಿಕಾಡು ಇವರೆಲ್ಲ ಟೆಂಟಿನ ಸುತ್ತಲಿನ ನೆಲ ನೋಡಿದವರು. ಡಿಂಗೊ ಹೆಜ್ಜೆ ಇದೆ, ಅದು ಏನೋ ಭಾರ ಹೊತ್ತು ನಡೆದಿದೆ ಎಂದರು. ದಿಬ್ಬದ ಮೇಲೆ ಒಂದು ಕಡೆ ಅದು ಹೊರೆ ಇಳಿಸಿ ಮತ್ತೆ ಎತ್ತಿಕೊಂಡ ಗುರುತು ಇತ್ತು. ಮರಳಿನಲ್ಲಿ ಹೆಣೆದ ಬಟ್ಟೆ ಒತ್ತಿದಂಥ ಅಚ್ಚು ಬಿದ್ದಿತ್ತು. ಅದನ್ನು ಹುಡುಕಾಟಕ್ಕೆ ಬಂದಿದ್ದ ಪ್ರವಾಸಿಯೊಬ್ಬರೂ ಕಂಡರು, ಅಲ್ಲಿನ ಮುಖ್ಯ ಅರಣ್ಯಾಧಿಕಾರಿ ಡೆರೆಕ್ ರಾಫ್ ಕೂಡ ಕಂಡರು.

ಈ ರಾಫ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರವಾಸಿಗರು ತಿಂಡಿ ಹಾಕಿ ಹಾಕಿ ಡಿಂಗೊಗಳಿಗೆ ಮನುಷ್ಯರ ಭಯವೇ ಹೋಗಿದೆ, ಚಿಕ್ಕ ಮಕ್ಕಳಿಗೆ ಅಪಾಯ ಇದೆ ಎಂದು ಅವರು ಈ ಘಟನೆಗೆ ಮುಂಚೆಯೇ ಮೇಲಿನವರಿಗೆ ಬರೆದಿದ್ದರು. ಕೆಲವೇ ವಾರಗಳ ಹಿಂದೆ ಅದೇ ಜಾಗದಲ್ಲಿ ಮೂರು ವರ್ಷದ ಹುಡುಗಿಯೊಬ್ಬಳನ್ನು ಡಿಂಗೊ ಕಾರಿನಿಂದ ಹೊರಗೆಳೆದಿತ್ತು. ಅಪ್ಪ ನೋಡಿ ಓಡಿಸಿದ್ದರಿಂದ ಮಗು ಉಳಿಯಿತು.

ಅಂದರೆ ಘಟನೆ ನಡೆದ ರಾತ್ರಿಯೇ, ಆ ನೆಲದ ಮೇಲಿದ್ದವರಿಗೆ ಏನು ನಡೆದಿದೆ ಅಂತ ಹೆಚ್ಚುಕಡಿಮೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ದೂರದ ಸಿಡ್ನಿ, ಮೆಲ್ಬರ್ನ್, ಡಾರ್ವಿನ್‌ನಲ್ಲಿ ಕೂತು ಟಿವಿ ನೋಡುತ್ತಿದ್ದವರು. ಮಾತು ಶುರುವಾದದ್ದು ಅವರಿಂದ.

ಒಂದು ವಾರ ಕಳೆದು, ಆಗಸ್ಟ್ 24ಕ್ಕೆ, ಟೆಂಟಿನಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿ ಬಂಡೆಯ ಬುಡದ ಹತ್ತಿರ ಪ್ರವಾಸಿಯೊಬ್ಬರಿಗೆ ಕೂಸಿನ ಬಟ್ಟೆ ಸಿಕ್ಕಿತು. ರಕ್ತದ ಕಲೆಯಾದ ಜಂಪ್‌ಸೂಟ್, ಒಳಗಿನ ಬನಿಯನ್, ಹರಿದ ನ್ಯಾಪಿ. ಮೇಲೆ ತೊಡಿಸಿದ್ದ ಪುಟ್ಟ ಬಿಳಿ ಜಾಕೆಟ್ ಮಾತ್ರ ಸಿಗಲಿಲ್ಲ. ಅಂಚಿಗೆ ತಿಳಿಹಳದಿ ಬಣ್ಣವಿದ್ದ ಆ ಜಾಕೆಟ್ ಇತ್ತು ಎಂದು ಲಿಂಡಿ ಮೊದಲಿನಿಂದ ಹೇಳುತ್ತಲೇ ಬಂದರು. ಅಂಥದ್ದೊಂದು ಇರಲೇ ಇಲ್ಲ, ಸುಳ್ಳು ಹೇಳುತ್ತಿದ್ದಾಳೆ ಎಂದರು ಜನ. ಈ ಜಾಕೆಟ್ ನೆನಪಿಟ್ಟುಕೊಳ್ಳಿ.

ಬಟ್ಟೆ ಸಿಕ್ಕ ಜಾಗದಲ್ಲಿ ಪೊಲೀಸಿನವರೊಬ್ಬರು ಫೋಟೋ ತೆಗೆಯುವ ಮೊದಲೇ ಅದನ್ನು ಕೈಯಲ್ಲಿ ಎತ್ತಿ ನೋಡಿ, ಮತ್ತೆ ಇಟ್ಟರು. ಆಮೇಲೆ ಎದ್ದ ಸುದ್ದಿ ಏನು ಗೊತ್ತೇ? ಬಟ್ಟೆ ನೀಟಾಗಿ ಮಡಚಿ ಇಟ್ಟಿದ್ದರಂತೆ, ನಾಯಿ ಎಲ್ಲಾದರೂ ಬಟ್ಟೆ ಮಡಚುತ್ತದೆಯೇ ಅಂತ.

ಅಂತೆ ಕಂತೆಗಳ ಹುಟ್ಟು

ಆಗ ಮೊಬೈಲ್ ಇರಲಿಲ್ಲ, ವಾಟ್ಸಾಪ್ ಇರಲಿಲ್ಲ. ಆದರೂ ಒಂದು ದೇಶ ಪೂರ್ತಿ ಒಂದೇ ಬಗೆಯ ಸುಳ್ಳುಗಳನ್ನು ಬಾಯಿಂದ ಬಾಯಿಗೆ ಹಂಚಿಕೊಂಡಿತು. ಒಂದೊಂದನ್ನೂ ಬಿಡಿಸಿ ನೋಡಿದರೆ ಅದರೊಳಗೆ ಚಿಟಿಕೆಯಷ್ಟು ನಿಜ ಇರುತ್ತಿತ್ತು. ಉಳಿದದ್ದು ಕೇಳಿದವರು ತುಂಬಿದ್ದು.

ಮೊದಲನೆಯದು ಹೆಸರು. ಅಜಾರಿಯಾ ಎಂದರೆ ‘ಕಾಡಿನಲ್ಲಿ ಕೊಟ್ಟ ಬಲಿ’ ಎಂಬ ಅರ್ಥವಂತೆ ಎಂದು ಹಬ್ಬಿತು. ಅದು ಬೈಬಲ್‌ನಲ್ಲಿ ಬರುವ ಹೀಬ್ರೂ ಹೆಸರು, ದೇವರು ನೆರವಾದವನು ಎಂಬ ಅರ್ಥ ಬರುತ್ತದೆ. ಯಾವುದಾದರೂ ಪಾದ್ರಿಯನ್ನು ಕೇಳಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕೇಳಿದವರು ಕಡಿಮೆ, ಮುಂದೆ ಹೇಳಿದವರು ಲಕ್ಷಾಂತರ.

ಎರಡನೆಯದು ಕಪ್ಪು ಬಟ್ಟೆ. ಲಿಂಡಿಗೆ ಹೊಲಿಗೆ ಬರುತ್ತಿತ್ತು. ಕೆಂಪು ಅಂಚಿನ ಒಂದು ಕಪ್ಪು ಫ್ರಾಕನ್ನು ಕೂಸಿಗೆ ತೊಡಿಸಿದ್ದೂ ಉಂಟು. ಹಸುಗೂಸಿಗೆ ಯಾರಾದರೂ ಕಪ್ಪು ತೊಡಿಸುತ್ತಾರೆಯೇ, ಇದು ಮಾಟದ ಸಂಗತಿ ಎಂದರು. (ದೃಷ್ಟಿಯಾಗದಿರಲಿ ಅಂತ ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಡುವ ನಮ್ಮ ಅಜ್ಜಿಯರು ಅಲ್ಲಿದ್ದರೆ ಅವರಿಗೇನು ಗತಿಯೋ!) ಆ ಫ್ರಾಕು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿದೆ.

ಮೂರನೆಯದು ಶವಪೆಟ್ಟಿಗೆ. ಅವರ ಮನೆಯಲ್ಲಿ ಒಂದು ಪುಟ್ಟ ಶವಪೆಟ್ಟಿಗೆ ಇತ್ತಂತೆ ಎಂದು ಹಬ್ಬಿತು. ಇದ್ದದ್ದು ನಿಜ. ಮೈಕಲ್ ಪಾದ್ರಿ, ಸಿಗರೇಟು ಬಿಡಿಸುವ ಶಿಬಿರ ನಡೆಸುತ್ತಿದ್ದರು. ಸೇದುವವರಿಗೆ ಬುದ್ಧಿ ಹೇಳಲು ಆ ಪೆಟ್ಟಿಗೆ ಬಳಸುತ್ತಿದ್ದರು. ಅಷ್ಟೇ.

ನಾಲ್ಕನೆಯದು ಧರ್ಮ, ಎಲ್ಲಕ್ಕಿಂತ ಇದೇ ದೊಡ್ಡದು. ಅವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದವರು. ಕ್ರೈಸ್ತರೇ, ಆದರೆ ಭಾನುವಾರದ ಬದಲು ಶನಿವಾರ ಪ್ರಾರ್ಥನೆ ಮಾಡುತ್ತಾರೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಬಹಳ ಜನ ಮಾಂಸವನ್ನೂ ತಿನ್ನುವುದಿಲ್ಲ. ಆಸ್ಟ್ರೇಲಿಯಾದ ಬಹುಪಾಲು ಜನಕ್ಕೆ ಅವರ ಬಗ್ಗೆ ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಎರಡೇ ವರ್ಷದ ಹಿಂದೆ, 1978ರಲ್ಲಿ, ಗಯಾನಾ ದೇಶದ ಜೋನ್ಸ್‌ಟೌನ್‌ನಲ್ಲಿ ಒಬ್ಬ ಗುರುವಿನ ಮಾತು ಕೇಳಿ 900ಕ್ಕೂ ಹೆಚ್ಚು ಜನ ಸತ್ತಿದ್ದರು. ಅದಕ್ಕೂ ಇವರಿಗೂ ಏನೇನೂ ಸಂಬಂಧ ಇಲ್ಲ. ಆದರೂ ಎರಡನ್ನೂ ಗಂಟುಹಾಕಿದರು. ಗೊತ್ತಿಲ್ಲದ ಪಂಗಡ, ಏನು ಮಾಡಲೂ ಹೇಸದವರು ಅಂತ.

ಇನ್ನು ಅಳು. ಚೇಂಬರ್ಲೇನ್ ದಂಪತಿ ಟಿವಿಯವರು ಕೇಳಿದಾಗಲೆಲ್ಲ ಮಾತಾಡಿದರು. ಡಿಂಗೊಗಳ ಬಗ್ಗೆ ಬೇರೆ ತಂದೆತಾಯಿಗಳು ಎಚ್ಚರವಾಗಿರಲಿ ಎಂಬ ಉದ್ದೇಶ ಇತ್ತು. ಕೂಸು ದೇವರ ಹತ್ತಿರ ಹೋಗಿದೆ, ಮುಂದೊಂದು ದಿನ ಮತ್ತೆ ನೋಡುತ್ತೇವೆ ಎಂಬ ಗಟ್ಟಿ ನಂಬಿಕೆಯೂ ಇತ್ತು. ಲಿಂಡಿ ಕ್ಯಾಮೆರಾ ಮುಂದೆ ಗೋಳಾಡಲಿಲ್ಲ. ಡಿಂಗೊ ಬಟ್ಟೆಯೊಳಗಿಂದ ಕೂಸನ್ನು ಹೇಗೆ ಹೊರಗೆಳೆದಿರಬಹುದು ಎಂದು ಕೇಳಿದರೆ ಅದನ್ನೂ ಬಿಡಿಸಿ ಹೇಳಿದರು. ಜನ ಕೇಳಿದ ಪ್ರಶ್ನೆ ಒಂದೇ: ಕೂಸು ಕಳಕೊಂಡ ತಾಯಿ ಹೀಗಿರುತ್ತಾಳೆಯೇ?

ಇಲ್ಲಿ ನನ್ನದೊಂದು ಹಳೆಯ ತಪ್ಪು ಹೇಳಿಕೊಳ್ಳಬೇಕು. ಸ್ಟ್ರಿಂಗರ್ ಆಗಿ ಸೇರಿದ ಮೊದಲ ವರ್ಷ. ಹಳ್ಳಿಯೊಂದರಲ್ಲಿ ಐದು ವರ್ಷದ ಹುಡುಗ ಸಂಜೆಯಿಂದ ಕಾಣಿಸುತ್ತಿಲ್ಲ ಅಂತ ಫೋನ್ ಬಂತು. ಹೋದೆ. ಊರೆಲ್ಲ ಜೋಳದ ಹೊಲದಲ್ಲಿ ಹುಡುಕುತ್ತಿತ್ತು. ತಾಯಿ ಮನೆ ಮುಂದಿನ ಕಟ್ಟೆ ಮೇಲೆ ಸುಮ್ಮನೆ ಕೂತಿದ್ದಳು, ಕಣ್ಣಲ್ಲಿ ಹನಿ ನೀರಿಲ್ಲ. ಡೆಸ್ಕಿನಿಂದ ಫೋನ್: ‘ತಾಯಿ ಅಳೋ ವಿಡಿಯೋ ಕಳಿಸಪ್ಪ.’ ಅಳ್ತಿಲ್ಲ ಸಾರ್ ಅಂದೆ. ‘ಹೌದಾ? ಯಾಕಂತೆ? ಅದನ್ನೇ ಬರಿ ಮತ್ತೆ.’ ನಾನು ಬರೆದೆ. ತಾಯಿಯ ವರ್ತನೆ ಅನುಮಾನಕ್ಕೆ ಎಡೆಮಾಡಿದೆ ಅಂತ ಒಂದು ಸಾಲು. ಬೆಳಗಿನ ಜಾವ ಹುಡುಗ ಸೋದರಮಾವನ ಕೊಟ್ಟಿಗೆಯ ಮೇವಿನ ಹಿಂದೆ ಮಲಗಿದ್ದು ಸಿಕ್ಕ. ಸಿಕ್ಕ ಸುದ್ದಿ ಎರಡು ಸಾಲು ಬಂತು. ನನ್ನ ಆ ಒಂದು ಸಾಲು ಮಾತ್ರ ಆ ಊರಿನವರ ಫೋನುಗಳಲ್ಲಿ ಎಷ್ಟು ದಿನ ಓಡಾಡಿತೋ. ಆ ತಾಯಿ ಎದುರಾದರೆ ಈಗಲೂ ನನ್ನ ತಲೆ ತಗ್ಗುತ್ತದೆ. ಲಿಂಡಿಯ ಕಥೆ ಓದಲು ಕೂತದ್ದು ಅದಾದ ಮೇಲೆ.

ಮೊದಲ ತೀರ್ಪು, ಮತ್ತೆ ತಿರುಗಿದ ಗಾಳಿ

ಆಸ್ಟ್ರೇಲಿಯಾದಲ್ಲಿ ಅಸಹಜ ಸಾವು ಆದರೆ ಕರೋನರ್ ಎಂಬ ಅಧಿಕಾರಿ ಬಹಿರಂಗ ವಿಚಾರಣೆ ಮಾಡುತ್ತಾರೆ. ನಮ್ಮ ಕಡೆ ಯುಡಿಆರ್ ಕೇಸು ಅಂತೀವಲ್ಲ, ಅದನ್ನು ಪೊಲೀಸರ ಬದಲು ನ್ಯಾಯಾಧೀಶರೊಬ್ಬರು ಎಲ್ಲರೆದುರು ನಡೆಸಿದ ಹಾಗೆ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಕರೋನರ್ ಡೆನಿಸ್ ಬ್ಯಾರಿಟ್ ಎಲ್ಲರ ಹೇಳಿಕೆ ಕೇಳಿ 1981ರ ಫೆಬ್ರುವರಿ 20ರಂದು ತೀರ್ಮಾನ ಕೊಟ್ಟರು. ಕೂಸನ್ನು ಒಯ್ದದ್ದು ಡಿಂಗೊ, ತಂದೆತಾಯಿಯದು ಏನೂ ತಪ್ಪಿಲ್ಲ ಎಂದರು. ಆಮೇಲೆ ಯಾರೋ ಅಪರಿಚಿತರು ಬಟ್ಟೆ ಮುಟ್ಟಿರಬಹುದು ಎಂಬ ಅನುಮಾನವನ್ನೂ ಸೇರಿಸಿದರು. ಗಾಳಿಮಾತುಗಳನ್ನು ಕಟುವಾಗಿ ಖಂಡಿಸಿದರು. ಜನರ ಬಾಯಿ ಮುಚ್ಚಲಿ ಎಂದೇ ಆ ತೀರ್ಮಾನವನ್ನು ಟಿವಿಯಲ್ಲಿ ನೇರಪ್ರಸಾರ ಮಾಡಿಸಿದರು. ಆ ದೇಶದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಬಾಯಿ ಮುಚ್ಚಲಿಲ್ಲ. ಪೊಲೀಸರಿಗೂ ಸಮಾಧಾನ ಆಗಿರಲಿಲ್ಲ, ಅವರ ಕೆಲಸವನ್ನು ಬ್ಯಾರಿಟ್ ಟೀಕಿಸಿದ್ದರು. ಕೂಸಿನ ಬಟ್ಟೆ ಲಂಡನ್ನಿಗೆ ಹೋಯಿತು. ಅಲ್ಲಿ ಜೇಮ್ಸ್ ಕ್ಯಾಮರೂನ್ ಎಂಬ ಹೆಸರಾಂತ ವೈದ್ಯ ಪರೀಕ್ಷೆ ಮಾಡಿ, ಕತ್ತು ಕೊಯ್ದ ಲಕ್ಷಣ ಇದೆ, ಬಟ್ಟೆಯ ಮೇಲೆ ರಕ್ತದ ಕೈ ಅಚ್ಚು ಇದೆ ಎಂದರು. ಉಲುರುವಿಗೆ ಕಾಲಿಟ್ಟವರಲ್ಲ, ಅಲ್ಲಿನ ಕೆಂಪು ಮರಳು ಬಟ್ಟೆಗೆ ಹೇಗೆ ಹತ್ತುತ್ತದೆ ಅಂತ ನೋಡಿದವರಲ್ಲ.

1981ರ ಸೆಪ್ಟೆಂಬರಿನಲ್ಲಿ ಪೊಲೀಸರು ಚೇಂಬರ್ಲೇನ್ ಮನೆ ಶೋಧಿಸಿ, ಅವರ ಹಳದಿ ಟೊರಾನಾ ಕಾರನ್ನು ಒಯ್ದರು. ಕಾರಿನ ಮುಂಭಾಗದಲ್ಲಿ, ಡ್ಯಾಶ್‌ಬೋರ್ಡ್ ಕೆಳಗೆ ಸಿಡಿದ ಕಲೆಗಳಿದ್ದವು. ಸರ್ಕಾರಿ ಲ್ಯಾಬಿನವರು ಪರೀಕ್ಷೆ ಮಾಡಿ ಇದು ಹಸುಗೂಸಿನ ರಕ್ತ ಎಂದರು. ಹುಟ್ಟಿ ಆರು ತಿಂಗಳೊಳಗಿನ ಕೂಸಿನ ರಕ್ತದಲ್ಲಿ ದೊಡ್ಡವರಲ್ಲಿಲ್ಲದ ಒಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ, ಅದು ಸಿಕ್ಕಿದೆ ಎಂಬುದು ಅವರ ವಾದ.

ಇಷ್ಟು ಸಾಕಾಯಿತು. ಮೊದಲ ತೀರ್ಮಾನ ರದ್ದಾಯಿತು. ಎರಡನೇ ವಿಚಾರಣೆ ನಡೆದು, 1982ರಲ್ಲಿ ಲಿಂಡಿ ಮೇಲೆ ಕೊಲೆ, ಮೈಕಲ್ ಮೇಲೆ ಅದಕ್ಕೆ ಸಹಕರಿಸಿದ ಆರೋಪ ಬಿತ್ತು.

ಗಮನಿಸಿ: ಅಲ್ಲಿವರೆಗೆ ಚಹಾ ಅಂಗಡಿಯ ಮಾತಾಗಿದ್ದದ್ದು ಈಗ ಲ್ಯಾಬ್ ರಿಪೋರ್ಟ್ ಆಗಿತ್ತು. ಹೆಸರು, ಫ್ರಾಕು, ಅಳು ಇವ್ಯಾವುವೂ ಚಾರ್ಜ್‌ಶೀಟಿನಲ್ಲಿ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ಜನರ ತಲೆಯಲ್ಲಿ ಆಗಲೇ ಇದ್ದವು.

ಡಾರ್ವಿನ್‌ನ ಕೋರ್ಟು

1982ರ ಸೆಪ್ಟೆಂಬರ್ 13ಕ್ಕೆ ಡಾರ್ವಿನ್‌ನಲ್ಲಿ ಕೇಸು ಶುರುವಾಯಿತು. ಲಿಂಡಿ ಆಗ ತುಂಬು ಗರ್ಭಿಣಿ. ಕೋರ್ಟಿನ ಹೊರಗೆ ‘ಡಿಂಗೊ ನಿರಪರಾಧಿ’ ಎಂದು ಬರೆದ ಟೀ ಶರ್ಟ್ ಹಾಕಿಕೊಂಡು ಬಂದವರಿದ್ದರು. ಆಕೆ ದಿನಾ ಯಾವ ಬಟ್ಟೆ ಹಾಕಿದ್ದಾಳೆ, ತಲೆ ಹೇಗೆ ಬಾಚಿದ್ದಾಳೆ ಅನ್ನುವುದು ಪತ್ರಿಕೆಗಳಿಗೆ ಸುದ್ದಿ.

ಸರ್ಕಾರಿ ವಕೀಲರ ಕಥೆ ಹೀಗಿತ್ತು: ಒಲೆಯ ಬಳಿಯಿಂದ ಎದ್ದುಹೋದ ಐದು ಹತ್ತು ನಿಮಿಷದಲ್ಲಿ ಲಿಂಡಿ ಕೂಸನ್ನು ಕಾರಿಗೆ ಒಯ್ದು, ಕತ್ತರಿಯಂಥ ಆಯುಧದಿಂದ ಕತ್ತು ಕೊಯ್ದು, ಗಂಡನ ಕ್ಯಾಮೆರಾ ಬ್ಯಾಗಿನಲ್ಲಿ ಬಚ್ಚಿಟ್ಟು, ಏನೂ ಆಗದವಳ ಹಾಗೆ ಒಲೆಯ ಹತ್ತಿರ ಮರಳಿದಳು. ಆಮೇಲೆ ಕಿರುಚಿದಳು. ಈ ಹೊತ್ತಿನಲ್ಲಿ ಆರು ವರ್ಷದ ಮಗ ಅವಳ ಜೊತೆಗೇ ಇದ್ದ. ಯಾಕೆ ಕೊಂದಳು? ಅದಕ್ಕೆ ಕಾರಣ ಹೇಳುವುದು ನಮ್ಮ ಕೆಲಸ ಅಲ್ಲ ಎಂದರು ವಕೀಲರು. ಶವ ಇಲ್ಲ, ಆಯುಧ ಇಲ್ಲ, ಕಾರಣ ಇಲ್ಲ.

ಪಕ್ಕದ ಕುಟುಂಬದ ಹೆಣ್ಣುಮಗಳು ಬಂದು ಸಾಕ್ಷಿ ಹೇಳಿದರು: ಲಿಂಡಿ ಒಲೆಯ ಹತ್ತಿರ ಬಂದ ಮೇಲೂ ಟೆಂಟಿನಿಂದ ಕೂಸಿನ ಅಳು ನಾನು ಕಿವಿಯಾರೆ ಕೇಳಿದೆ. ಸರ್ಕಾರಿ ವಕೀಲರ ಲೆಕ್ಕದಲ್ಲಿ ಆ ಹೊತ್ತಿಗೆ ಕೂಸು ಸತ್ತಾಗಿತ್ತು. ಈ ಒಂದು ಸಾಕ್ಷಿಗೇ ಕೇಸು ಬಿದ್ದುಹೋಗಬೇಕಿತ್ತು ಅಂತ ನನಗೆ ಅನಿಸುತ್ತದೆ. ಕೇಸು ನಡೆಸಿದ ನ್ಯಾಯಮೂರ್ತಿ ಜೇಮ್ಸ್ ಮ್ಯೂರ್‌ಹೆಡ್ ಕೊನೆಗೆ ಜ್ಯೂರಿಗೆ ಹೇಳಿದ ಮಾತುಗಳೂ ಆರೋಪಿಗಳ ಪರವಾಗಿಯೇ ಇದ್ದವು ಎಂದು ಕೇಳಿದವರು ಹೇಳಿದ್ದಾರೆ. ಆದರೆ ತೀರ್ಪು ಕೊಡುವುದು ಜ್ಯೂರಿ, ಊರಿನ ಹನ್ನೆರಡು ಜನ ಸಾಮಾನ್ಯರು. ಎರಡು ವರ್ಷ ಎಲ್ಲರ ಹಾಗೆ ಅವರೂ ಪೇಪರ್ ಓದಿದ್ದರು.

ಅಕ್ಟೋಬರ್ 29ರ ರಾತ್ರಿ ತೀರ್ಪು ಬಂತು. ಲಿಂಡಿಗೆ ಜೀವಾವಧಿ ಕಠಿಣ ಶಿಕ್ಷೆ. ಮೈಕಲ್‌ಗೆ 18 ತಿಂಗಳು, ಗಂಡುಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕು ಎಂದು ಅದನ್ನು ಅಮಾನತಿನಲ್ಲಿಟ್ಟರು. ನವೆಂಬರ್ 17ಕ್ಕೆ ಲಿಂಡಿಗೆ ಹೆಣ್ಣುಮಗು ಹುಟ್ಟಿತು, ಕಾಹ್ಲಿಯಾ ಅಂತ ಹೆಸರು. ಹುಟ್ಟಿದ ಕೆಲವೇ ಗಂಟೆಯಲ್ಲಿ ಮಗುವನ್ನು ತಾಯಿಯಿಂದ ಬೇರೆ ಮಾಡಿದರು. ಮೇಲ್ಮನವಿ ಮುಗಿಯುವವರೆಗೆ ಜಾಮೀನು ಸಿಕ್ಕಿತು, ಅದು ಬಿದ್ದುಹೋದಾಗ ಮತ್ತೆ ಜೈಲು. 1984ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯದಲ್ಲೂ ಸೋತರು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಶಿಕ್ಷೆ ಎತ್ತಿಹಿಡಿದರು, ಇಬ್ಬರು ಒಪ್ಪಲಿಲ್ಲ.

ಸಿಕ್ಕಿದ ಜಾಕೆಟ್

1986ರ ಜನವರಿ ಕೊನೆಗೆ ಇಂಗ್ಲೆಂಡಿನ ಪ್ರವಾಸಿಯೊಬ್ಬ ಉಲುರು ಹತ್ತುವಾಗ ಬಿದ್ದು ಸತ್ತ. ಅವನ ದೇಹದ ಉಳಿದ ಭಾಗಗಳಿಗಾಗಿ ಬಂಡೆಯ ಬುಡದಲ್ಲಿ ಹುಡುಕುತ್ತಿದ್ದವರಿಗೆ, ಡಿಂಗೊ ಗೂಡುಗಳಿರುವ ಜಾಗದ ಹತ್ತಿರ, ಮಣ್ಣಿನಲ್ಲಿ ಅರ್ಧ ಹೂತ ಒಂದು ಪುಟ್ಟ ಜಾಕೆಟ್ ಸಿಕ್ಕಿತು. ಬಿಳಿ ಬಣ್ಣ, ತಿಳಿಹಳದಿ ಅಂಚು.

ಐದೂವರೆ ವರ್ಷದಿಂದ ಆಕೆ ಇದೆ ಎನ್ನುತ್ತಿದ್ದ ಜಾಕೆಟ್. ಫೆಬ್ರುವರಿ 7ರಂದು ಲಿಂಡಿಯನ್ನು ಬಿಡುಗಡೆ ಮಾಡಿದರು.

ಆಮೇಲೆ ನ್ಯಾಯಮೂರ್ತಿ ಟ್ರೆವರ್ ಮಾರ್ಲಿಂಗ್ ಆಯೋಗ ಕೂತಿತು. ಈ ಆಯೋಗ ಲ್ಯಾಬ್ ರಿಪೋರ್ಟ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿತು. ಡ್ಯಾಶ್‌ಬೋರ್ಡ್ ಕೆಳಗೆ ಸಿಡಿದಿದ್ದ ‘ಕೂಸಿನ ರಕ್ತ’ ರಕ್ತವೇ ಅಲ್ಲ. ಕಾರಿನಲ್ಲಿ ಸದ್ದು ಕಡಿಮೆಯಾಗಲಿ ಎಂದು ಫ್ಯಾಕ್ಟರಿಯಲ್ಲೇ ಹೊಡೆಯುವ ಒಂದು ಬಗೆಯ ಅಂಟು. ಲಿಂಡಿ ಪರ ನಿಂತವರು ಅದೇ ಮಾದರಿಯ ಬೇರೆ ಕಾರುಗಳನ್ನು ಹುಡುಕಿ ತಡಕಿದರೆ ಅಲ್ಲೂ ಅದೇ ಕಲೆ! ಅವರು ಬದುಕುತ್ತಿದ್ದ ಮೌಂಟ್ ಐಸಾ ತಾಮ್ರದ ಗಣಿಯೂರು. ಅಲ್ಲಿನ ಧೂಳು ಕೂಡ ಆ ಪರೀಕ್ಷೆಯಲ್ಲಿ ರಕ್ತದ ಹಾಗೆ ತೋರಿಸಬಲ್ಲದು ಎಂದು ಗೊತ್ತಾಯಿತು. ಮತ್ತೆ ಪರೀಕ್ಷಿಸೋಣ ಅಂದರೆ ಮೊದಲ ಪರೀಕ್ಷೆಯ ಪ್ಲೇಟುಗಳನ್ನು ಲ್ಯಾಬ್ ಎಂದೋ ಬಿಸಾಡಿತ್ತು, ಅದೇ ಅಲ್ಲಿನ ರೂಢಿಯಂತೆ. ಲಂಡನ್ ವೈದ್ಯರಿಗೆ ಕಂಡ ಕೈ ಅಚ್ಚಿನಲ್ಲಿ ಬಹುಪಾಲು ಕೆಂಪು ಮರಳು.

ಅನಂಗು ಜಾಡುಗಾರರನ್ನೂ ಆಯೋಗ ಕೇಳಿತು, ದುಭಾಷಿಗಳನ್ನು ಇಟ್ಟುಕೊಂಡು. ಅವರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. 1980ರ ಆಗಸ್ಟಿನಲ್ಲಿ ಹೇಳಿದ್ದನ್ನೇ ಹೇಳಿದರು. ಲಂಡನ್ನಿನ ಲ್ಯಾಬಿಗೆ ಸಿಕ್ಕ ಮರ್ಯಾದೆಯಲ್ಲಿ ಕಾಲು ಪಾಲು ಅವರ ಕಣ್ಣಿಗೆ ಮೊದಲೇ ಸಿಕ್ಕಿದ್ದರೆ ಅಂತ ಈ ಭಾಗ ಓದುವಾಗೆಲ್ಲ ನನಗೆ ಅನಿಸುತ್ತದೆ. ಅಂದಹಾಗೆ, ಲಿಂಡಿ ಜೈಲಿನಲ್ಲಿದ್ದಾಗಲೇ, 1985ರ ಅಕ್ಟೋಬರ್ 26ರಂದು, ಆ ಬಂಡೆಯನ್ನೂ ಸುತ್ತಲ ನೆಲವನ್ನೂ ಸರ್ಕಾರ ಅನಂಗು ಜನರಿಗೆ ಮರಳಿ ಬರೆದುಕೊಟ್ಟಿತ್ತು.

1987ರಲ್ಲಿ ಆಯೋಗದ ವರದಿ ಬಂತು. ದಂಪತಿಗೆ ಕ್ಷಮಾದಾನ ಕೊಟ್ಟರು. ಮಾಡದ ತಪ್ಪಿಗೆ ಕ್ಷಮೆ! ಅದು ಸಾಲದು ಎಂದು ಅವರು ಮತ್ತೆ ಕೋರ್ಟಿಗೆ ಹೋದರು. 1988ರ ಸೆಪ್ಟೆಂಬರ್ 15ರಂದು ಶಿಕ್ಷೆಯೇ ರದ್ದಾಯಿತು. 1992ರಲ್ಲಿ 13 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಅಷ್ಟು ಹೊತ್ತಿಗೆ ಗಂಡಹೆಂಡತಿ ಬೇರೆಯಾಗಿದ್ದರು.

ಇಷ್ಟಾದರೂ ಕೂಸಿನ ಸಾವಿನ ಕಾರಣ ಕಾಗದದಲ್ಲಿ ಬರಲಿಲ್ಲ. 1995ರ ಮೂರನೇ ವಿಚಾರಣೆ ‘ಕಾರಣ ತೀರ್ಮಾನಿಸಲಾಗದು’ ಎಂದು ಬರೆದು ಕೈತೊಳೆದುಕೊಂಡಿತು. ‘ಡಿಂಗೊ ಕೂಸು ತಿಂತು’ ಅನ್ನುವುದು ಅಮೆರಿಕದ ಟಿವಿ ಹಾಸ್ಯದಲ್ಲೂ ನಗಿಸುವ ಮಾತಾಗಿಬಿಟ್ಟಿತ್ತು. ಡಿಂಗೊ ಮನುಷ್ಯರ ಮಗುವನ್ನು ಕೊಲ್ಲುವುದುಂಟೇ ಎಂದು ಕೇಳುವವರಿಗೆ ಉತ್ತರ 2001ರ ಏಪ್ರಿಲ್‌ನಲ್ಲಿ ಬಂತು. ಫ್ರೇಸರ್ ದ್ವೀಪದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಡಿಂಗೊಗಳು ಕೊಂದವು. ಅಜಾರಿಯಾ ಐದು ಕಿಲೋ ಕೂಡ ತೂಗದ ಕೂಸು.

ಕಾಗದಗಳು

ಈ ಎಲ್ಲ ವರ್ಷಗಳಲ್ಲಿ ಜನ ಲಿಂಡಿಗೆ ಕಾಗದ ಬರೆಯುತ್ತಲೇ ಇದ್ದರು. ಜೈಲಿಗೆ ಬರೆದರು, ಮನೆಗೆ ಬರೆದರು. ಅವನ್ನೆಲ್ಲ ಆಕೆ ಎಸೆಯದೆ ಕೂಡಿಟ್ಟರು. ಈಗ ಆ ಸಾವಿರಾರು ಕಾಗದಗಳು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಧೈರ್ಯ ಹೇಳಿದವು ಇವೆ, ಕಣ್ಣಲ್ಲಿ ನೋಡಲಾಗದಂಥ ಬೈಗುಳದವೂ ಇವೆ. ನಿನ್ನ ಬಗ್ಗೆ ತಪ್ಪು ತಿಳಿದಿದ್ದೆ, ಕ್ಷಮಿಸು ಎಂದು ಬರೆದವೂ ಇವೆ.

2012ರಲ್ಲಿ ನಾಲ್ಕನೇ ವಿಚಾರಣೆ ನಡೆಯಿತು. 1980ರಿಂದ ಈಚೆಗೆ ಡಿಂಗೊಗಳು ಮಕ್ಕಳ ಮೇಲೆ ಎರಗಿದ ಪ್ರಕರಣಗಳನ್ನೆಲ್ಲ ಕರೋನರ್ ಎಲಿಜಬೆತ್ ಮಾರಿಸ್ ಮುಂದೆ ಇಟ್ಟರು. ಜೂನ್ 12ರಂದು ಅವರು ತೀರ್ಮಾನ ಓದಿದರು: ಅಜಾರಿಯಾ ಚೇಂಬರ್ಲೇನ್ ಉಲುರು ಬಳಿ ಸತ್ತಳು, ಡಿಂಗೊ ದಾಳಿ ಮಾಡಿ ಒಯ್ದದ್ದರಿಂದ ಸತ್ತಳು. ಓದುವಾಗ ಅವರ ಗಂಟಲು ಕಟ್ಟಿತು. ತಂದೆತಾಯಿ, ಅಣ್ಣಂದಿರ ಕಡೆ ನೋಡಿ, ನಿಮ್ಮ ದುಃಖಕ್ಕೆ ನನ್ನ ಸಂತಾಪ ಎಂದರು.

ಬೇರೆಯಾಗಿ ಇಪ್ಪತ್ತು ವರ್ಷ ಕಳೆದಿದ್ದ ಲಿಂಡಿ ಮತ್ತು ಮೈಕಲ್ ಅಂದು ಒಟ್ಟಿಗೆ ಕೋರ್ಟಿಗೆ ಬಂದಿದ್ದರು. ಮಗಳ ಹೊಸ ಮರಣ ಪ್ರಮಾಣಪತ್ರ ಇಸಿದುಕೊಂಡು ಹೊರಗೆ ಬಂದರು. ಅದರ ಹಿಂದಿನ ದಿನ, ಜೂನ್ 11, ಅಜಾರಿಯಾ ಹುಟ್ಟಿದ ದಿನ. ಬದುಕಿದ್ದರೆ ಆಕೆಗೆ 32 ತುಂಬುತ್ತಿತ್ತು.